ಕೊನೇ ಪಿಕ್‌ಗೆ 265 ಮಿಲಿಯನ್

2025 ಮೇ 17, ಶನಿವಾರ
ಸನಿವೇಲ್, ಕ್ಯಾಲಿಫೋರ್ನಿಯಾ

ಇವತ್ತು ಬೇಗ ಎದ್ದು ಟಿವಿ ಮುಂದೆ ಕೂತಿದ್ದು ಆರ್‌ಸಿಬಿ-ಕೆಕೆಆರ್ ಪಂದ್ಯಕ್ಕೆ. ಚಿನ್ನಸ್ವಾಮಿಯಲ್ಲಿ ಮಳೆ, ಟಾಸ್ ಕೂಡ ಆಗಲಿಲ್ಲ. ಕೊಹ್ಲಿ ಟೆಸ್ಟ್‌ಗೆ ವಿದಾಯ ಹೇಳಿದ್ದಕ್ಕೆ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ ಜನ ನೆನೆಯುತ್ತಾ ಕೂತಿದ್ದರು, ಪಾಪ. ಅತ್ತ ಮೈಸೂರಿನಲ್ಲಿ ಭಾವ, ಇತ್ತ ನಾನು, ಮಳೆ ನಿಲ್ಲುತ್ತಾ ಅಂತ ಕಾಯುತ್ತಾ ಫೋನಿನಲ್ಲಿ ಹರಟಿದೆವು. ಪಂದ್ಯ ರದ್ದಾಯಿತು, ಹರಟೆ ನಿಲ್ಲಲಿಲ್ಲ. ಇಲ್ಲಿ ನಿನ್ನೆಯಿಂದ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ಸ್ಯಾನ್ ಫ್ರಾನ್ಸಿಸ್ಕೋದ ಅಮೆರಿಕನ್ ಫುಟ್‌ಬಾಲ್ ತಂಡ ಫಾರ್ಟಿನೈನರ್ಸ್ ತನ್ನ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವನು) ಬ್ರಾಕ್ ಪರ್ಡಿಗೆ ಐದು ವರ್ಷಕ್ಕೆ 265 ಮಿಲಿಯನ್ ಡಾಲರ್ ಕೊಡಲು ಒಪ್ಪಿದೆ. ಅದನ್ನೇ ಭಾವನಿಗೂ ಹೇಳಿದೆ.

"ಕೊಹ್ಲಿಗೇ 21 ಕೋಟಿ ಕಣಯ್ಯಾ. ಇವನ್ಯಾರು?" ಎಂದರು.

ವರ್ಷಕ್ಕೆ 53 ಮಿಲಿಯನ್. ರೂಪಾಯಿಯಲ್ಲಿ ಸುಮಾರು 450 ಕೋಟಿ. ಆರ್‌ಸಿಬಿಯ ಇಡೀ ಪರ್ಸ್ 120 ಕೋಟಿ! ಭಾವನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪರ್ಡಿಯ ಕಥೆಯ ಮಜಾ ಇರುವುದು ಈಗ ಸಿಗುವ ದುಡ್ಡಿನಲ್ಲಲ್ಲ, ಮೊದಲು ಸಿಗದೇ ಇದ್ದ ದುಡ್ಡಿನಲ್ಲಿ.

ಐಪಿಎಲ್ ಹರಾಜಿನಲ್ಲಿ ಯಾರು ಜಾಸ್ತಿ ಕೂಗುತ್ತಾರೋ ಆಟಗಾರ ಅವರ ಪಾಲು. ಇಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕಾಲೇಜು ಮುಗಿಸಿ ಬರುವ ಹುಡುಗರಿಗೆ ಕೂಗೇ ಇಲ್ಲ. 32 ತಂಡಗಳು ಒಂದರ ಹಿಂದೆ ಒಂದು ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಅಂತ ಹೆಸರು, ಒಂದೊಂದು ಆಯ್ಕೆಯೂ ಒಂದು ಪಿಕ್. ಒಟ್ಟು ಏಳು ಸುತ್ತು. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಪಿಕ್, ಕಪ್ ಗೆದ್ದವರಿಗೆ ಸುತ್ತಿನ ಕೊನೆಯದು. 1936ರಿಂದ ನಡೆದು ಬಂದ ಪದ್ಧತಿ. "ಅಂದ್ರೆ ಸೋತವರಿಗೆ ಬಹುಮಾನ" ಎಂದರು ಭಾವ. ಹೂಂ, ಅದೇ. ಆರಿಸಿದ ತಂಡ ಬಿಟ್ಟು ಇನ್ನೊಂದರ ಜೊತೆ ಹುಡುಗ ಚೌಕಾಸಿ ಮಾಡುವಂತಿಲ್ಲ. ಸಂಬಳವೂ ಹೆಚ್ಚುಕಡಿಮೆ ಪಿಕ್ ನಂಬರಿನ ಮೇಲೆ ಮೊದಲೇ ನಿಗದಿ. ನಾಲ್ಕು ವರ್ಷದ ಕಾಂಟ್ರಾಕ್ಟ್, ಮೂರು ಸೀಸನ್ ಮುಗಿಯುವವರೆಗೆ ಬದಲಾಯಿಸುವಂತಿಲ್ಲ.

ಮೊದಲು ಇಷ್ಟು ಬಿಗಿ ಇರಲಿಲ್ಲ. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫೋರ್ಡ್‌ಗೆ ಒಂದು ಪಂದ್ಯವನ್ನೂ ಆಡುವ ಮುಂಚೆ 50 ಮಿಲಿಯನ್ ಗ್ಯಾರಂಟಿ ಸಿಕ್ಕಿತ್ತು. ಮರುವರ್ಷ ಮಾಲೀಕರು ಮತ್ತು ಆಟಗಾರರ ಸಂಘದ ನಡುವೆ ಹೊಸ ಒಪ್ಪಂದವಾಯಿತು. 2011ರ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆಲ್ಲಾ ಸೇರಿ ಸುಮಾರು 22 ಮಿಲಿಯನ್. ಅಲ್ಲಿಂದಾಚೆಗೆ ಎನ್‌ಎಫ್‌ಎಲ್‌ನಲ್ಲಿ ತಂಡ ಕಟ್ಟುವ ಲೆಕ್ಕವೇ ಬೇರೆಯಾಯಿತು. ಒಳ್ಳೆಯ ಆಟಗಾರ ಇದ್ದರೆ ಸಾಲದು, ಒಳ್ಳೆಯ ಆಟಗಾರ ಅಗ್ಗಕ್ಕೆ ಇರಬೇಕು. ಅದರಲ್ಲೂ ಕ್ವಾರ್ಟರ್‌ಬ್ಯಾಕ್ ಅಗ್ಗವಾದರೆ ಹಬ್ಬ.

ಯಾಕೆಂದರೆ ತಲೆಯ ಮೇಲೆ ಸ್ಯಾಲರಿ ಕ್ಯಾಪ್ ಕೂತಿದೆ, ಅಂದರೆ ಇಡೀ ತಂಡದ ಒಂದು ವರ್ಷದ ಸಂಬಳಕ್ಕೆ ಮಿತಿ. 1994ರಲ್ಲಿ ಬಂದಾಗ ಒಂದು ತಂಡಕ್ಕೆ 34.6 ಮಿಲಿಯನ್ ಮಿತಿ. ಈ ವರ್ಷ 279.2 ಮಿಲಿಯನ್. (ಪರ್ಡಿಯ ಒಂದು ವರ್ಷದ ಸರಾಸರಿ ಆಗಿನ ಇಡೀ ತಂಡದ ಮಿತಿಗಿಂತ ಜಾಸ್ತಿ.) ಸೀಸನ್ ಶುರುವಾದಾಗ 53 ಆಟಗಾರರ ತಂಡ ಇದರೊಳಗೇ ಹಿಡಿಸಬೇಕು. ಮಾಲೀಕ ಎಷ್ಟೇ ದೊಡ್ಡ ಕುಳವಾದರೂ ಅಷ್ಟೇ.

ಹಾಗಂತ ಸಂದುಗೊಂದು ಇಲ್ಲವೆಂದಲ್ಲ. ಆಟಗಾರನಿಗೆ ಇವತ್ತೇ ದೊಡ್ಡ ಸೈನಿಂಗ್ ಬೋನಸ್ ಕೊಟ್ಟು, ಅದನ್ನು ಕ್ಯಾಪ್ ಲೆಕ್ಕದಲ್ಲಿ ಐದು ವರ್ಷದವರೆಗೆ ಕಂತು ಮಾಡಿ ಬರೆಯಬಹುದು. ದುಡ್ಡು ಈಗಲೇ ಅವನ ಜೇಬಿಗೆ, ಲೆಕ್ಕ ಮಾತ್ರ ಮುಂದಿನ ವರ್ಷಗಳ ತಲೆಗೆ. ಆದ್ದರಿಂದ ಪರ್ಡಿಗೆ ವರ್ಷಕ್ಕೆ 53 ಮಿಲಿಯನ್ ಅಂದರೆ ಕ್ಯಾಪ್ ಲೆಕ್ಕಕ್ಕೆ ಪ್ರತಿವರ್ಷ ಸರಿಯಾಗಿ 53 ಬೀಳುವುದಿಲ್ಲ. ಮೊದಲೆರಡು ವರ್ಷ ಹಗುರ, ಆಮೇಲೆ ಭಾರ. ನಡುವೆ ಅವನನ್ನು ಕಳಿಸಿಬಿಟ್ಟರೆ ಉಳಿದ ಕಂತೆಲ್ಲಾ ಬೇಗ ಬಂದು ಬೀಳುತ್ತದೆ. ಅದೇ ಡೆಡ್ ಮನಿ. ಡೆನ್ವರ್ ತಂಡ ಕಳೆದ ವರ್ಷ ರಸೆಲ್ ವಿಲ್ಸನ್‌ನನ್ನು ಬಿಟ್ಟಾಗ ಹೀಗೆ ಬಿದ್ದದ್ದು 85 ಮಿಲಿಯನ್, ಎರಡು ವರ್ಷಕ್ಕೆ ಹಂಚಿ. ತಂಡದಲ್ಲಿಲ್ಲದ ಮನುಷ್ಯನಿಗೆ!

ಈಗ ಪರ್ಡಿಗೆ ಬರೋಣ. 2022ರ ಡ್ರಾಫ್ಟ್‌ನಲ್ಲಿ ಅವನದು 262ನೇ ಪಿಕ್, ಅಂದರೆ ಕಟ್ಟಕಡೆಯದು. ಕೊನೆಯವನಿಗೆ 'ಮಿಸ್ಟರ್ ಇರ್ರೆಲೆವೆಂಟ್' ಅಂತ ಬಿರುದು ಕೊಟ್ಟು, ಚೆಂಡು ಕೈಜಾರುತ್ತಿರುವ ಆಟಗಾರನ ಟ್ರೋಫಿ ಕೊಟ್ಟು ತಮಾಷೆ ಮಾಡುವ ರೂಢಿ 1976ರಿಂದ ಇದೆ. ನಾಲ್ಕು ವರ್ಷಕ್ಕೆ ಸುಮಾರು 37 ಲಕ್ಷ ಡಾಲರ್. ಅದೇ ಡಿಸೆಂಬರ್‌ನಲ್ಲಿ ಅವನಿಗಿಂತ ಮುಂದಿದ್ದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಗಾಯಗೊಂಡು ಹೊರಗಿದ್ದರು. ಇವನು ಒಳಗೆ ಬಂದ. ಮರುಸೀಸನ್‌ನಲ್ಲಿ 4,280 ಗಜ ಎಸೆದು, ಒಂದು ಸೀಸನ್‌ನಲ್ಲಿ ಅತಿ ಹೆಚ್ಚು ಗಜ ಎಸೆದ ತಂಡದ ದಾಖಲೆ ಮುರಿದ. ಜೋ ಮೊಂಟಾನಾ, ಸ್ಟೀವ್ ಯಂಗ್‌ರಂಥ ದಿಗ್ಗಜ ಕ್ವಾರ್ಟರ್‌ಬ್ಯಾಕ್‌ಗಳು ಆಡಿದ ತಂಡ ಇದು, ನೆನಪಿರಲಿ. ಆ ವರ್ಷ ಕ್ಯಾಪ್‌ನಲ್ಲಿ ಅವನ ಲೆಕ್ಕ ಒಂದು ಮಿಲಿಯನ್‌ಗಿಂತ ಕಡಿಮೆ. ಬೇ ಏರಿಯಾದ ಬಾಡಿಗೆ ಗೊತ್ತಲ್ಲ, ತಂಡದ ಇನ್ನೊಬ್ಬ ಆಟಗಾರನ ಜೊತೆ ಮನೆ ಹಂಚಿಕೊಂಡಿದ್ದ.

ಅವನ ಸಂಬಳದಲ್ಲಿ ಉಳಿದ ದುಡ್ಡಿನಿಂದಲೇ ತಂಡದ ಬೇರೆ ದೊಡ್ಡ ಆಟಗಾರರೆಲ್ಲಾ ಒಂದೇ ಸೂರಿನಡಿ ಇದ್ದರು. ನಿಕ್ ಬೋಸಾಗೆ ಐದು ವರ್ಷಕ್ಕೆ 170 ಮಿಲಿಯನ್. ಹಾರ್‌ಗ್ರೇವ್‌ಗೆ 84. ಮೆಕ್ಯಾಫ್ರಿ, ಕಿಟಲ್, ಟ್ರೆಂಟ್ ವಿಲಿಯಮ್ಸ್, ಡೀಬೋ ಸ್ಯಾಮ್ಯುಯೆಲ್. ಅಂಥ ತಂಡವನ್ನು ದುಬಾರಿ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು ಕಟ್ಟುವುದು ಬಹಳ ಕಷ್ಟ.

ನಮ್ಮ ಆಫೀಸಿನಲ್ಲಿ ನಿನ್ನೆ ಎಲ್ಲರದೂ ಒಂದೇ ರಾಗ: ಇನ್ನು ತಂಡ ಮುಗಿಯಿತು, ಪರ್ಡಿಯ ಸಂಬಳವೇ ಎಲ್ಲರನ್ನೂ ನುಂಗುತ್ತದೆ. ನಾನು ಒಪ್ಪುವುದಿಲ್ಲ. ಮಾರುಕಟ್ಟೆ ನೋಡಿ. ಡೆಟ್ರಾಯಿಟ್ ಜ್ಯಾರೆಡ್ ಗಾಫ್‌ಗೆ ಕೊಡುವುದೂ ವರ್ಷಕ್ಕೆ 53. ಡ್ಯಾಲಸ್ ಡ್ಯಾಕ್ ಪ್ರೆಸ್ಕಾಟ್‌ಗೆ ಕೊಡುವುದು 60. ಪರ್ಡಿಗೆ ಕೊಟ್ಟದ್ದು ಪೇಟೆ ಧಾರಣೆ, ಅಷ್ಟೇ. ಈ ತಂಡಕ್ಕೆ ಗುಂಡಿ ತೋಡಿದ್ದು ಈಗಲ್ಲ, 2021ರ ಮಾರ್ಚ್‌ನಲ್ಲಿ.

ಆಗ ತಂಡದ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಮತ್ತು ಕೋಚ್ ಕೈಲ್ ಶಾನಹನ್ ಮಯಾಮಿ ತಂಡದ ಜೊತೆ ಪಿಕ್‌ಗಳ ವಿನಿಮಯ (ಟ್ರೇಡ್) ಮಾಡಿ 12ನೇ ಪಿಕ್‌ನಿಂದ 3ನೇ ಪಿಕ್‌ಗೆ ಏರಿದರು. ಅದಕ್ಕೆ ಕೊಟ್ಟದ್ದು ಆ 12ನೇ ಪಿಕ್, 2022 ಮತ್ತು 2023ರ ಮೊದಲ ಸುತ್ತಿನ ಪಿಕ್‌ಗಳು, ಮೇಲೊಂದು ಮೂರನೇ ಸುತ್ತಿನದು. ತಂದದ್ದು ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು. ಎರಡು ಸೀಸನ್‌ನಲ್ಲಿ ಅವನು ಶುರುಮಾಡಿದ್ದು ನಾಲ್ಕು ಪಂದ್ಯ. ಹುಡುಗನ ತಪ್ಪೂ ಪೂರ್ತಿ ಅಲ್ಲ, ಪಾದದ ಕೀಲು ಮುರಿಯಿತು. 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಪಿಕ್‌ಗೆ ಡ್ಯಾಲಸ್‌ಗೆ ಕೊಟ್ಟು ಕೈತೊಳೆದುಕೊಂಡರು.

ಕಳೆದುಕೊಂಡ ಪಿಕ್‌ಗಳು ಎಲ್ಲೆಲ್ಲಿ ಸುತ್ತಿದವು ಅಂತ ಹೇಳಿದಾಗ ಭಾವ ನಂಬಲೇ ಇಲ್ಲ. ಆ 12ನೇ ಪಿಕ್ ಕೈ ಬದಲಾಯಿಸುತ್ತಾ ಡ್ಯಾಲಸ್‌ಗೆ ಹೋಯಿತು, ಅವರು ಮುಂದೆ ಡಿಫೆನ್ಸ್‌ನ ತಾರೆಯಾದ ಮೈಕಾ ಪಾರ್ಸನ್ಸ್‌ನನ್ನು ಆರಿಸಿದರು. 2022ರದು 29ನೇ ಪಿಕ್ ಆಯಿತು. ಮಯಾಮಿ ಅದನ್ನು ಟೈರೀಕ್ ಹಿಲ್ ಎಂಬ ಆಟಗಾರನಿಗಾಗಿ ಕ್ಯಾನ್ಸಸ್ ಸಿಟಿಗೆ ಕೊಟ್ಟಿತು. ಕ್ಯಾನ್ಸಸ್ ಸಿಟಿ ಅದಕ್ಕೆ ಬೇರೆರಡು ಪಿಕ್ ಸೇರಿಸಿ 21ಕ್ಕೆ ಏರಿ ಡಿಫೆನ್ಸ್ ಆಟಗಾರ ಟ್ರೆಂಟ್ ಮೆಕ್‌ಡಫಿಯನ್ನು ತೆಗೆದುಕೊಂಡಿತು. 2024ರ ಫೆಬ್ರವರಿ, ಲಾಸ್ ವೇಗಸ್, ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಎದುರಾಳಿ ಅದೇ ಕ್ಯಾನ್ಸಸ್ ಸಿಟಿ. ಆಟ ಮುಗಿಯಲು ಎರಡು ನಿಮಿಷ ಇದೆ. ಚೆಂಡು ತಮ್ಮ ಬಳಿಯೇ ಉಳಿಯಲು ಪರ್ಡಿಗೆ ಮೂರನೇ ಪ್ರಯತ್ನದಲ್ಲಿ ಐದು ಗಜ ಬೇಕು. ನುಗ್ಗಿ ಬಂದು ಆ ಎಸೆತ ಕೆಡಿಸಿದ್ದು ಯಾರು? ಅದೇ ಮೆಕ್‌ಡಫಿ. ನಮ್ಮವರು ಚೆಂಡೊದ್ದು ಮೂರು ಅಂಕ ಪಡೆಯುವ ಫೀಲ್ಡ್ ಗೋಲ್‌ಗೆ ತೃಪ್ತಿಪಟ್ಟರು. ಕ್ಯಾನ್ಸಸ್ ಸಿಟಿ ಸಮ ಮಾಡಿ, ಓವರ್‌ಟೈಮ್‌ನಲ್ಲಿ 25-22ಕ್ಕೆ ಗೆದ್ದಿತು. ನಮ್ಮದೇ ಪಿಕ್‌ನ ಬೆಲೆಯಲ್ಲಿ ತಂದ ಹುಡುಗ! ಈಗಲೂ ಹೊಟ್ಟೆ ಉರಿಯುತ್ತದೆ.

ಪರ್ಡಿ ಸಿಕ್ಕಿದ್ದರಿಂದ ಲ್ಯಾನ್ಸ್ ಪ್ರಮಾದ ಮುಚ್ಚಿಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ಕ್ವಾರ್ಟರ್‌ಬ್ಯಾಕ್ ಮಟ್ಟಿಗೆ ನಿಜ. ಉಳಿದ ಕಡೆ? ಆ ಪಿಕ್‌ಗಳಲ್ಲಿ ಬಂದಿರಬೇಕಾದ ಹುಡುಗರು ಇವತ್ತೂ ಅಗ್ಗದ ಕಾಂಟ್ರಾಕ್ಟ್‌ನಲ್ಲೇ ಆಡುತ್ತಿರುತ್ತಿದ್ದರು. ಎರಡು ವರ್ಷ ಮೊದಲ ಸುತ್ತಿನಲ್ಲಿ ಸುಮ್ನೆ ಕೂರಬೇಕಾಯಿತು. ಹಳಬರಿಗೆ ವಯಸ್ಸಾಯಿತು, ಹಿಂದಿನಿಂದ ಬರುವವರು ಸಾಲಲಿಲ್ಲ. ಕಳೆದ ಸೀಸನ್ 6 ಗೆಲುವು, 11 ಸೋಲು. ಆಗಿನ್ನೂ ಪರ್ಡಿ ಅಗ್ಗದಲ್ಲೇ ಇದ್ದ ಅನ್ನುವುದನ್ನು ಆಫೀಸಿನವರು ಮರೆಯುತ್ತಾರೆ.

ಈ ಮಾರ್ಚ್‌ನಲ್ಲಿ ಮನೆ ಖಾಲಿಯಾಯಿತು. ಗ್ರೀನ್‌ಲಾ, ಹುಫಾಂಗಾ ಇಬ್ಬರೂ ಡೆನ್ವರ್‌ಗೆ. ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ. ಆರನ್ ಬ್ಯಾಂಕ್ಸ್ ಗ್ರೀನ್ ಬೇಗೆ. ಹಾರ್‌ಗ್ರೇವ್‌ನನ್ನು ತಾವೇ ಬಿಟ್ಟರು. ಡೀಬೋನನ್ನು ಐದನೇ ಸುತ್ತಿನ ಒಂದು ಪಿಕ್‌ಗೆ ವಾಷಿಂಗ್ಟನ್‌ಗೆ ಕೊಟ್ಟರು, ಅವನ ಡೆಡ್ ಮನಿ ಸುಮಾರು 31 ಮಿಲಿಯನ್ ಈ ವರ್ಷದ ಲೆಕ್ಕದಲ್ಲಿ ಕೂತಿದೆ. ಹಳೆಯ ಕಂತುಗಳನ್ನು ಒಂದೇ ವರ್ಷದಲ್ಲಿ ತೀರಿಸಿಬಿಡೋಣ ಅನ್ನುವ ಧಾಟಿ. ಅದು ಸರಿಯೇ ಅನ್ನಿಸುತ್ತದೆ ನನಗೆ. ಹೇಗೂ ಒಂದು ವರ್ಷ ನರಳಬೇಕು, ಒಟ್ಟಿಗೇ ಆಗಲಿ.

ಬದಲಿಗೆ ಬಂದವರು ಕಳೆದ ತಿಂಗಳ ಡ್ರಾಫ್ಟ್‌ನ 11 ಹುಡುಗರು. ಮೊದಲ ಐದೂ ಡಿಫೆನ್ಸ್‌ಗೆ. 11ನೇ ಪಿಕ್‌ನಲ್ಲಿ ಜಾರ್ಜಿಯಾದ ಮೈಕೆಲ್ ವಿಲಿಯಮ್ಸ್, 43ರಲ್ಲಿ ಟೆಕ್ಸಸ್‌ನ ಆಲ್ಫ್ರೆಡ್ ಕಾಲಿನ್ಸ್. ಡೀಬೋನನ್ನು ಕೊಟ್ಟು ಪಡೆದ ಪಿಕ್‌ನಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಜಾರ್ಡನ್ ಜೇಮ್ಸ್. ಈ ವರ್ಷ ಹೊಸಬರ ಕನಿಷ್ಠ ಸಂಬಳ 8.4 ಲಕ್ಷ ಡಾಲರ್. ಇವರಲ್ಲಿ ನಾಲ್ಕೈದು ಜನ ದಿನಾ ಆಡುವ ಮಟ್ಟಕ್ಕೆ ಬಂದರೆ ಪರ್ಡಿಯ 53 ಏನೂ ಭಾರವಲ್ಲ. ಬರದಿದ್ದರೆ ಅವನು ಪುಕ್ಕಟೆ ಆಡಿದರೂ ಗೆಲ್ಲುವುದಿಲ್ಲ.

ಭಾವನಿಗೆ ಡ್ರಾಫ್ಟ್ ಹಿಡಿಸಿತು. ಐಪಿಎಲ್‌ಗೂ ತರಬೇಕು ಎಂದರು. ಆರ್‌ಸಿಬಿ ಈ ಸಲ ಮೇಲಿದೆ, ತಂದರೆ ನಮಗೆ ಕೊನೆಯ ಪಿಕ್ಕೇ ಸಿಗುವುದು ಎಂದೆ. "ಹಾಗಾದ್ರೆ ಬೇಡ ಬಿಡು" ಎಂದು ಫೋನಿಟ್ಟರು.