ನಳಂದದ ವಿಹಾರಗಳನ್ನು ನೋಡಲು ಹೊರಟವರಿಗೆ

ಬಿಹಾರದ ಪ್ರಾಚೀನ ಬೌದ್ಧ ವಿದ್ಯಾಕೇಂದ್ರವಾದ ನಳಂದಕ್ಕೆ ಹೋದವರಲ್ಲಿ ಹೆಚ್ಚಿನವರು ಒಳಗೆ ಕಾಲಿಟ್ಟೊಡನೆ, ಚಿತ್ರಗಳಲ್ಲಿ ಕಂಡ ಎತ್ತರದ 3ನೆಯ ಚೈತ್ಯವನ್ನೇ (ಪೂಜೆಯ ಕಟ್ಟಡ) ಹುಡುಕಿಕೊಂಡು ಹೋಗುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲು ಕಟ್ಟಡಗಳ ನಡುವಿನ ಅಗಲವಾದ ಹಾದಿಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ, ಬಲಗಡೆ ಪಶ್ಚಿಮಕ್ಕೆ ಬಾಗಿಲಿರುವ ವಿಹಾರಗಳ (ಭಿಕ್ಷುಗಳ ವಾಸದ ಕಟ್ಟಡಗಳು) ಸಾಲೂ ಎಡಗಡೆ ಅವುಗಳಿಗೆ ಎದುರಾಗಿ ಚೈತ್ಯಗಳ ಸಾಲೂ ಕಾಣುತ್ತವೆ. 5ನೆಯ ಶತಮಾನದ ಗುಪ್ತರಿಂದ ಪಾಲರವರೆಗೆ ಆಶ್ರಯದಾತರು ಬದಲಾಗುತ್ತಲೇ ಹೋದರೂ ಈ ವಿನ್ಯಾಸ ಉಳಿದು ಬಂದಿದೆ.

ವಿಹಾರಗಳೆಲ್ಲ ಹೆಚ್ಚುಕಡಿಮೆ ಒಂದೇ ನಕ್ಷೆಯವು. ಆದ್ದರಿಂದ ಎಲ್ಲವನ್ನೂ ಸುತ್ತಿ ದಣಿಯುವ ಬದಲು 1ನೆಯ ವಿಹಾರದಲ್ಲಿ ಒಂದು ಗಂಟೆ ಕಳೆಯಿರಿ. ನಡುವೆ ಅಂಗಳ, ಸುತ್ತ ಜಗಲಿ, ಜಗಲಿಗೆ ತೆರೆದುಕೊಳ್ಳುವ ಭಿಕ್ಷುಗಳ ಕೋಣೆಗಳು, ಬಾಗಿಲಿಗೆ ನೇರ ಎದುರಿಗೆ ಪೂಜಾಸ್ಥಾನ. ಬಾವಿ, ನೀರು ಹೊರಹೋಗುವ ಚರಂಡಿ, ಮೇಲಂತಸ್ತು ಇದ್ದುದಕ್ಕೆ ಸಾಕ್ಷಿಯಾದ ಮೆಟ್ಟಿಲುಗಳೂ ಇವೆ. ಗೋಡೆಯ ಇಟ್ಟಿಗೆಯ ವರಸೆಗಳನ್ನು ಕೆಳಗಿನಿಂದ ಮೇಲಕ್ಕೆ ಗಮನಿಸುತ್ತ ಬನ್ನಿ: ಹಳೆಯದು ಹಾಳಾದಾಗ ಅದರ ಮೇಲೆಯೇ ಹೊಸದನ್ನು ಕಟ್ಟಿದ್ದರಿಂದ ಇಲ್ಲಿ ವಾಸದ ಒಂಬತ್ತು ಹಂತಗಳನ್ನು ಗುರುತಿಸಲಾಗಿದೆ. ಸುವರ್ಣದ್ವೀಪದ (ಇಂದಿನ ಸುಮಾತ್ರಾ) ಅರಸ ಬಾಲಪುತ್ರದೇವನು ಕಟ್ಟಿಸಿದ ವಿಹಾರದ ಖರ್ಚಿಗೆಂದು ಪಾಲ ದೊರೆ ದೇವಪಾಲನು ಐದು ಹಳ್ಳಿಗಳನ್ನು ಬಿಟ್ಟುಕೊಟ್ಟ ತಾಮ್ರಶಾಸನವೂ ಸಿಕ್ಕಿದ್ದು ಈ ವಿಹಾರದಲ್ಲೇ.

ಮಾರ್ಗದರ್ಶಕರು ಸುಟ್ಟುಹೋದ ಗ್ರಂಥಾಲಯದ ಕಥೆಯನ್ನು ತಪ್ಪದೆ ಹೇಳುತ್ತಾರೆ. ಟಿಬೆಟಿನ ಪರಂಪರೆ ಅದರ ಕಟ್ಟಡಗಳನ್ನು ರತ್ನಸಾಗರ, ರತ್ನೋದಧಿ, ರತ್ನರಂಜಕ ಎಂದು ಹೆಸರಿಸುತ್ತದೆ. ಆದರೆ 1915ರಿಂದ 1937ರವರೆಗೆ, ಮತ್ತೆ 1974ರಿಂದ 1982ರವರೆಗೆ ನಡೆದ ಉತ್ಖನನದಲ್ಲಿ ಇಂಥದ್ದೇ ಗ್ರಂಥಾಲಯವೆಂದು ಬೆರಳಿಟ್ಟು ತೋರಿಸಬಹುದಾದ ಕಟ್ಟಡ ಸಿಕ್ಕಿಲ್ಲ. ನನಗಂತೂ ಆ ಕಥೆಗಿಂತ 13ನೆಯ ಚೈತ್ಯದ ಉತ್ತರಕ್ಕಿರುವ ಲೋಹ ಕರಗಿಸುವ ಕುಲುಮೆಯೇ ಹೆಚ್ಚು ಕುತೂಹಲದ್ದೆನಿಸಿತು.

ಇಷ್ಟಾದ ಮೇಲೆ 3ನೆಯ ಚೈತ್ಯಕ್ಕೆ ಬನ್ನಿ. ಅದು ಒಂದರ ಮೇಲೊಂದು ಏಳು ಬಾರಿ ಕಟ್ಟಿ ಬೆಳೆದದ್ದು. ಮೊದಲಿನ ಚಿಕ್ಕ ಕಟ್ಟಡಗಳು ಒಳಗೇ ಹುದುಗಿವೆ. ಮೂಲೆಯ ಗೋಪುರಗಳ ಗೂಡುಗಳಲ್ಲಿರುವ ಗಾರೆಯ ಬುದ್ಧ, ಬೋಧಿಸತ್ತ್ವ ಮೂರ್ತಿಗಳನ್ನು ಕೆಳಗಿನಿಂದಲೇ ನೋಡಬೇಕಾದ್ದರಿಂದ ದುರ್ಬೀನು ಇದ್ದರೆ ಅನುಕೂಲ. ಪೂರ್ವಕ್ಕೆ ಬೇರೆಯಾಗಿ ನಿಂತಿರುವ 2ನೆಯ ದೇವಾಲಯದ ಕಲ್ಲಿನ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಶಿಲ್ಪಫಲಕಗಳಿದ್ದರೂ ಅಲ್ಲಿಯವರೆಗೆ ಹೋಗುವವರು ಕಡಿಮೆ.

ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಪಟ್ನಾಕ್ಕೆ ಹೋಗಿ, ಅಲ್ಲಿಂದ ಸುಮಾರು 90 ಕಿಲೋಮೀಟರ್ ರಸ್ತೆಯಲ್ಲಿ ಸಾಗಬಹುದು. ಡಿಸೆಂಬರ್, ಜನವರಿಯ ಮಂಜಿನಲ್ಲಿ ರೈಲುಗಳು ತಡವಾಗುವುದು ಅಲ್ಲಿ ಸಾಮಾನ್ಯ. ನವೆಂಬರ್ ಅಥವಾ ಫೆಬ್ರುವರಿ ವಾಸಿ. ಆವರಣದಲ್ಲಿ ನೆರಳು ಕಡಿಮೆಯಾದ್ದರಿಂದ ಬೆಳಿಗ್ಗೆಯೇ ಒಳಗಿರಿ. ಎದುರಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ತಂಗಲು ಹತ್ತಿರದ ರಾಜಗೀರ್‌ನಲ್ಲಿ ಹೆಚ್ಚು ವಸತಿಗೃಹಗಳಿವೆ.