ಎದುರುಗಾಳಿ ಮತ್ತ ಉಣ್ಣಿ ಎಳಿ

ಬಾಗಲಕೋಟಿಯಾಗ ಆಷಾಢದ ಗಾಳಿ ಹೆಂಗಂತ ಗೊತ್ತೈತಲ್ಲ, ಮಾಳಿಗಿ ಮ್ಯಾಲಿನ ಅರಿವಿ ಮಂದಿ ಮನ್ಯಾಗ ಹುಡುಕಬೇಕು. ಗೋವಾದಾಗ ಹಾಯಿದೋಣಿ ನಡಸೂದು ಕಲಿಯೋ ಅಕ್ಕನ ಮಗ ಊರಿಗೆ ಬಂದಾನ, ಮಳಿಗಾಲ ನೋಡ್ರಿ. ಆಲಮಟ್ಟಿ ಹಿನ್ನೀರಿನ ದಂಡಿಮ್ಯಾಲ ಕುಂತು ಕೇಳಿದೆ: "ಎದುರುಗಾಳಿ ಬಂದ್ರ ಇಂಜಿನ್ ಹಚ್ತೀರೇನೋ?"

"ಇಲ್ಲ ಮಾಮಾ, ಗಾಳಿಗೆ ಸುಮಾರು 45 ಡಿಗ್ರಿ ಓರೆ ಹಿಡಿದು, ಒಮ್ಮೆ ಎಡಕ್ಕ ಒಮ್ಮೆ ಬಲಕ್ಕ ತಿರುವಿಕೋತ ಹೋಗೂದು."

ನನಗ ಹಿಡಿಸಿದ್ದು ಉಣ್ಣಿ ಎಳಿ. ಮುಂದಿನ ಹಾಯಿಯ ಎರಡೂ ಮಗ್ಗಲಕ್ಕ ಗೇಣುದ್ದ ಎಳಿ ಅಂಟಿಸಿರ್ತಾರಂತ. ಎರಡೂ ನೆಟ್ಟಗ ಹಿಂದಕ್ಕ ಹರಿದ್ರ ಹಾಯಿ ಸರಿ ಐತಿ. ಗಾಳಿ ಬಡಿಯೋ ಮಗ್ಗಲದ ಎಳಿ ಕುಣಿದ್ರ ಹಾಯಿ ಹಗ್ಗ ಜಗ್ಗಬೇಕು, ಗಾಳಿಗೆ ಮರಿ ಇರೋ ಮಗ್ಗಲದ ಎಳಿ ಕುಣಿದ್ರ ಸಡ್ಲ ಬಿಡಬೇಕು. ಬಿಗಿದಷ್ಟೂ ಜೋರು ಅಂತ ತಿಳಕೊಂಡು ಅತಿ ಬಿಗಿದ್ರ ದೋಣಿ ವಾಲಿ, ವೇಗ ಕಳಕೊಂಡು, ಅಡ್ಡಡ್ಡ ಜಾರತೈತಿ.

ಪ್ರವಾಸದ ದೋಣಿಗಳಾಗ ಹಾಯಿ ಬಹಳಷ್ಟು ಹಳೇವ ಇರ್ತಾವು. ಬಟ್ಟಿ ಜೋತು ಅದರ ಹೊಟ್ಟಿ, ಅಂದ್ರ ಗಾಳಿಗೆ ಉಬ್ಬೋ ಭಾಗ, ಹಿಂದಕ್ಕ ಸರೀತೈತಿ. ಹಾಯಿ ಏರಿಸೋ ಹಗ್ಗ ಬಿಗಿ ಮಾಡಿದ್ರ ಹೊಟ್ಟಿ ಮುಂದಕ್ಕ ಬಂದು ವಾಲೂದು ಕಡಿಮಿ ಆಕ್ಕೈತಿ. ಹೊಸಾ ಹಾಯಿಗೆ ರೊಕ್ಕ ಹಾಕೂಕಿಂತ ಮೊದಲ ಇಷ್ಟು ಮಾಡ್ರಿ. (ನಮ್ಮೂರಾಗ ಯಾರಿಗೆ ಹೇಳಾಕತ್ತೀನಿ ಅನ್ನೂದು ಬ್ಯಾರೆ ಮಾತು.)

2024-25ರಾಗ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಮತ್ತ ರೂಪಾ 'ತಾರಿಣಿ' ಅನ್ನೋ ಹಾಯಿದೋಣಿಯೊಳಗ ಇಬ್ಬರ ಜಗತ್ತು ಸುತ್ತಿ ಗೋವಾಕ್ಕ ಬಂದಿದ್ರು. ಆವಾಗ ನನಗ ಅವರ ಧೈರ್ಯ ಅಷ್ಟ ಕಂಡಿತ್ತು. ಹಗಲು ರಾತ್ರಿ ಹಗ್ಗಾ ಒಂದೊಂದು ಗೇಣು ಜಗ್ಗಿ, ಒಂದೊಂದು ಗೇಣು ಬಿಟ್ಟು ಬಂದಿರಬೇಕು ಅನ್ನೂದು ಈಗ ಹೊಳೀತು.