ಧ್ರುವ ನಕ್ಷತ್ರ ಮರೆಯಾದರೂ ಪೋಲಾರ್ ಅಲೈನ್‌ಮೆಂಟ್: ಗೈಡ್ ಕ್ಯಾಮೆರಾ ಸಾಕು

ಆಕಾಶದ ಫೋಟೋ ತೆಗೆಯುವ ಮುನ್ನ ಟೆಲಿಸ್ಕೋಪ್ ಹೊತ್ತ ಮೌಂಟಿನ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಹೊಂದಿಸುವುದೇ ಪೋಲಾರ್ ಅಲೈನ್‌ಮೆಂಟ್. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿರುತ್ತದೆ, ಬೀದರ್‌ನಲ್ಲಿ 18. ತಾರಸಿಯ ಉತ್ತರಕ್ಕೆ ಒಂದು ಮನೆಯೋ ತೆಂಗಿನಮರವೋ ಅಡ್ಡ ಬಂದರೆ ಧ್ರುವ ನಕ್ಷತ್ರ ನೋಡಿ ಹೊಂದಿಸುವ ಪೋಲಾರ್ ಸ್ಕೋಪ್ ಕೆಲಸಕ್ಕೆ ಬಾರದು. ಇಲ್ಲಿ ನೆರವಾಗುವುದು ಪ್ಲೇಟ್ ಸಾಲ್ವಿಂಗ್: ಫೋಟೋದಲ್ಲಿರುವ ನಕ್ಷತ್ರಗಳ ಜೋಡಣೆಯನ್ನು ಕ್ಯಾಟಲಾಗ್‌ಗೆ ತಾಳೆ ನೋಡಿ, ಕ್ಯಾಮೆರಾ ಎತ್ತ ತಿರುಗಿದೆ ಎಂದು ಸಾಫ್ಟ್‌ವೇರ್ ಹೇಳಿಬಿಡುತ್ತದೆ. ಫೋಟೋ ತೆಗೆಯುವ ಸಾಫ್ಟ್‌ವೇರ್ ನೀನಾ (N.I.N.A.)ದ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್ ಮೌಂಟನ್ನು ಆರ್‌ಎ ಅಕ್ಷದಲ್ಲಷ್ಟೇ (ನಕ್ಷತ್ರಗಳ ಪೂರ್ವ-ಪಶ್ಚಿಮ ಚಲನೆಯನ್ನು ಹಿಂಬಾಲಿಸುವ ಅಕ್ಷ) ತಿರುಗಿಸುತ್ತಾ ಮೂರು ಫೋಟೋ ತೆಗೆದು, ಅಕ್ಷ ಎಲ್ಲಿ ನೆಟ್ಟಿದೆ ಎಂದು ಲೆಕ್ಕ ಹಾಕುತ್ತದೆ. ಇದಕ್ಕೆ ತೆರೆದ ಆಕಾಶದ ಯಾವ ತುಂಡಾದರೂ ನಡೆಯುತ್ತದೆ.

ಈ ಕೆಲಸಕ್ಕೆ ನನ್ನ ಆಯ್ಕೆ ಗೈಡ್ ಕ್ಯಾಮೆರಾ, ಎಂದರೆ ಮುಖ್ಯ ಟೆಲಿಸ್ಕೋಪಿನ ಜೊತೆ ಕಟ್ಟಿದ ಚಿಕ್ಕ ಗೈಡ್ ಸ್ಕೋಪಿನಲ್ಲಿ ಕೂತು, ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟಿನ ಚಲನೆ ತಿದ್ದಲು (ಗೈಡಿಂಗ್) ನೆರವಾಗುವ ಕ್ಯಾಮೆರಾ. 120 ಮಿಮೀ ಫೋಕಲ್ ಲೆಂತ್‌ನ ಗೈಡ್ ಸ್ಕೋಪ್, 3.75 ಮೈಕ್ರಾನ್ ಪಿಕ್ಸೆಲ್ ಎಂದಿಟ್ಟುಕೊಳ್ಳಿ. 206.265 × 3.75 ÷ 120 ಎಂದರೆ ಪಿಕ್ಸೆಲ್‌ಗೆ ಸುಮಾರು 6.4 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). 1280 × 960 ಸೆನ್ಸರ್ ಆದರೆ 2.3 × 1.7 ಡಿಗ್ರಿ ಆಕಾಶ ಸಿಗುತ್ತದೆ. ಎರಡು ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲೇ ಬೇಕಾದಷ್ಟು ನಕ್ಷತ್ರ ಮೂಡುತ್ತವೆ. ಗೈಡ್ ಸ್ಕೋಪ್ ಮುಖ್ಯ ಟ್ಯೂಬಿಗೆ ಸ್ವಲ್ಪ ಓರೆಯಾಗಿದ್ದರೂ ಚಿಂತೆಯಿಲ್ಲ, ಎರಡೂ ಸುತ್ತುವುದು ಒಂದೇ ಅಕ್ಷದ ಮೇಲೆ. ಆದರೆ ನೆಬ್ಯುಲಾವನ್ನು ಫ್ರೇಮಿನ ನಡುವೆ ತರುವಾಗ ಮುಖ್ಯ ಕ್ಯಾಮೆರಾದಿಂದಲೇ ಸಾಲ್ವ್ ಮಾಡಬೇಕು.

ಸಾಲ್ವ್ ಆಗದಿದ್ದರೆ ಮೊದಲು ನೋಡಬೇಕಾದ್ದು ಫೋಕಲ್ ಲೆಂತ್. ಸಾಫ್ಟ್‌ವೇರಿನಲ್ಲಿ 120ರ ಬದಲು ಮುಖ್ಯ ಟೆಲಿಸ್ಕೋಪಿನ ಅಂಕಿ, 400 ಎಂದಿಟ್ಟುಕೊಳ್ಳಿ, ಹಾಗೇ ಉಳಿದುಬಿಟ್ಟಿರುತ್ತದೆ. ಆಮೇಲೆ ಫೋಕಸ್, ಹಗಲಲ್ಲಿ ದೂರದ ಟವರ್ ನೋಡಿ ಹೊಂದಿಸಿದ್ದು ಸಾಲದು, ರಾತ್ರಿ ನಕ್ಷತ್ರದ ಮೇಲೇ ಹೊಂದಿಸಿ ಲಾಕ್ ಮಾಡಿ. ಪ್ಲೇಟ್ ಸಾಲ್ವಿಂಗ್‌ಗೆ ಆಸ್ಟ್ಯಾಪ್ (ASTAP) ಸಾಫ್ಟ್‌ವೇರ್ ಬಳಸುವವರು ನಕ್ಷತ್ರಗಳ ಡೇಟಾಬೇಸನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು, ಡಿ50 ಎಂಬ ಡೇಟಾಬೇಸ್ ಇದ್ದರೆ ಎರಡೂ ಕ್ಯಾಮೆರಾಗೆ ಆಗುತ್ತದೆ. ಸಾಲ್ವ್ ಸರಿಯಾಗಿಯೇ ಆಗಿ, ಸ್ಕ್ರೂ ತಿರುಗಿಸಿದಷ್ಟೂ ದೋಷದ ಅಂಕಿ ಅರ್ಥವಿಲ್ಲದೆ ಓಡಾಡಿದರೆ ಅಕ್ಷಾಂಶ, ರೇಖಾಂಶ, ಸಮಯ ನೋಡಿ. ನಮ್ಮ ಸಮಯಕ್ಕೂ ಯುಟಿಸಿಗೂ (ಜಾಗತಿಕ ಸಮಯ) ಇರುವ 5:30 ಗಂಟೆಯ ವ್ಯತ್ಯಾಸ ಎಲ್ಲೋ ತಪ್ಪಿರುತ್ತದೆ.

ತಿದ್ದುವಾಗ ಎತ್ತರ ಮತ್ತು ದಿಕ್ಕಿನ ಸ್ಕ್ರೂ ಮಾತ್ರ ಮುಟ್ಟಿ, ಅಕ್ಷಗಳ ಹಿಡಿತ ಸಡಿಲಿಸುವ ಕ್ಲಚ್ ಬೇಡ. ದೋಷ ಸೊನ್ನೆಗೆ ಇಳಿಯಲೇಬೇಕೆಂಬ ಹಟವೂ ಬೇಡ. 4 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಎಂದರೆ 60 ಆರ್ಕ್‌ಸೆಕೆಂಡ್) ಉಳಿದರೂ ಡೆಕ್ (ಡೆಕ್ಲಿನೇಶನ್, ಎಂದರೆ ಉತ್ತರ-ದಕ್ಷಿಣ) ದಿಕ್ಕಿನಲ್ಲಿ ನಕ್ಷತ್ರದ ಜಾರುವಿಕೆ ಹೆಚ್ಚೆಂದರೆ ನಿಮಿಷಕ್ಕೆ ಒಂದು ಆರ್ಕ್‌ಸೆಕೆಂಡಿನಷ್ಟು. ಗೈಡಿಂಗ್ ಅದನ್ನು ಸುಲಭವಾಗಿ ಸರಿದೂಗಿಸುತ್ತದೆ. ಡೆಕ್ ಗೇರಿನಲ್ಲಿ ಸಡಿಲವಿರುವ ಮೌಂಟ್‌ಗಳಿಗಂತೂ ಒಂದೇ ಕಡೆಗೆ ಜಾರುವುದು ಒಳ್ಳೆಯದೇ, ಗೇರು ಹಿಂದೆ ಮುಂದೆ ಒದ್ದಾಡುವುದಿಲ್ಲ.

ಗೈಡಿಂಗ್ ನಡೆಸುವ ಸಾಫ್ಟ್‌ವೇರ್ ಪಿಎಚ್‌ಡಿ2ರ ಕ್ಯಾಲಿಬ್ರೇಶನ್ ಅನ್ನು ಡೆಕ್ಲಿನೇಶನ್ ಸೊನ್ನೆಯ (ಆಕಾಶದ ಸಮಭಾಜಕ) ಹತ್ತಿರ ಮಾಡಿ. ಚಳಿಗಾಲದಲ್ಲಿ ಮಹಾವ್ಯಾಧನ ಬೆಲ್ಟಿನ ಮಿಂಟಕ ಸುಮಾರು ಅಲ್ಲೇ ಇದೆ, ನಮಗೆ ನೆತ್ತಿಯ ಸಮೀಪ. ಅದಕ್ಕೂ ಮೊದಲು ಲೆನ್ಸ್ ಮುಚ್ಚಿ ಡಾರ್ಕ್ ಲೈಬ್ರರಿ, ಎಂದರೆ ಸೆನ್ಸರಿನ ದೋಷಗಳನ್ನು ಕಳೆಯಲು ಬಳಸುವ ಕತ್ತಲೆಯ ಫ್ರೇಮ್‌ಗಳನ್ನು ತೆಗೆಯಿರಿ. ಇಲ್ಲದಿದ್ದರೆ ಪಿಎಚ್‌ಡಿ2 ಬೆಳಕಿಲ್ಲದಿದ್ದರೂ ಹೊಳೆಯುವ ಹಾಟ್ ಪಿಕ್ಸೆಲನ್ನೇ ನಕ್ಷತ್ರವೆಂದು ಹಿಡಿದು ಕೂರುತ್ತದೆ.

ಇಷ್ಟಾದ ಮೇಲೂ ಗೈಡಿಂಗ್ ಗ್ರಾಫ್ ಚೆನ್ನಾಗಿದ್ದು, ಫೋಟೋದಲ್ಲಿ ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಗೈಡ್ ಸ್ಕೋಪ್ ಬಾಗುತ್ತಿರಬಹುದು. ಗೈಡಿಂಗ್ ನಡೆಯುತ್ತಿರುವಾಗಲೇ ಮುಖ್ಯ ಕ್ಯಾಮೆರಾದಿಂದ ಒಂದು ಗಂಟೆ ಬಿಟ್ಟು ತೆಗೆದ ಎರಡು ಫ್ರೇಮ್‌ಗಳನ್ನು ಸಾಲ್ವ್ ಮಾಡಿ. ನಡುಬಿಂದು ಸರಿದಿದ್ದರೆ ರಿಂಗಿನ ಪ್ಲಾಸ್ಟಿಕ್ ಸ್ಕ್ರೂ, ಫೋಕಸರ್ ಲಾಕ್, ನೇತಾಡುವ ಯುಎಸ್‌ಬಿ ಕೇಬಲ್ ಒಂದೊಂದಾಗಿ ಬಿಗಿ ಮಾಡಿ.